ನಟ್ಟಿಗೆ ಮಾಫಿ ಇಲ್ಲ ಎನ್ನುತ್ತಿದ್ದ ಮಿಸ್ತ್ರಿ

ಮುಂದಿನ ಸ್ಪ್ರಿಂಗು ಮುರಿಯಬಹುದಿತ್ತು. ಅದು ಮುರಿಯದಿದ್ದರೆ ಅದನ್ನು ಹಿಡಿದಿರುವ ಪಿನ್ನು ಸವೆದು ಜಾರಬಹುದಿತ್ತು. ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನ ತೊಟ್ಟಿಲು ಸೊರಬದ ಇಳಿಜಾರಿನಲ್ಲಿ ಕಳಚಿಕೊಂಡು, ಮೋಟಾರುಸೈಕಲ್ಲಿನ ಜೊತೆ ನಾನೊಂದು ಕಡೆ, ತೊಟ್ಟಿಲಿನ ಜೊತೆ ಅಕ್ಕ ಒಂದು ಕಡೆ ಹೋಗಬಹುದಿತ್ತು. ಎಮ್ಮೆ ಅಡ್ಡ ಬರಬಹುದಿತ್ತು. ಬಂದರೆ ಅದು ಒಂದೇ ಬರುವ ಪ್ರಾಣಿಯಲ್ಲ. ಪೆಟ್ರೋಲಿನಲ್ಲಿ ನೀರು ಸೇರಿರಬಹುದಿತ್ತು. ಶಿರಾಳಕೊಪ್ಪದಲ್ಲಿ ಅಂದೇ ಸಂತೆಯಿರಬಹುದಿತ್ತು. ಪೊಲೀಸಿನವರು ಕೈ ಅಡ್ಡ ಹಿಡಿದು, ಹೊದ್ದುಕೊಂಡು ಮಲಗಿದ ಹೆಂಗಸನ್ನು ನೋಡಿ, ಎಲ್ಲಿಗೆ ಸಾಗಿಸುತ್ತಿದ್ದೀರಿ ಎಂದು ಕೇಳಬಹುದಿತ್ತು. ನನ್ನ ಸೊಂಟ ಹಿಡಿದುಕೊಳ್ಳಬಹುದಿತ್ತು. ಮೋರಿ ದಾಟುವ ಹೊತ್ತಿಗೆ ಸರಿಯಾಗಿ ನನಗೆ ಸೀನು ಬರಬಹುದಿತ್ತು.

ಇವನ್ನು ನಾನು ಬರೀ ಮನಸ್ಸಿನಲ್ಲಿ ಎಣಿಸಿದ್ದಲ್ಲ. ಫೀಲ್ಡ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಶಾಯಿಯಲ್ಲಿ ಬರೆದಿದ್ದೆ. ಸೀನನ್ನೂ ಬರೆದಿದ್ದೆ. ಎಲ್ಲದರ ಕೆಳಗೆ, ನನಗೇ ಕಾಣಬಾರದು ಎನ್ನುವ ಹಾಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಇತ್ತು: ಅಕ್ಕನ ಕಾಲು ಹೋಗಬಹುದು.

ಆ ಹಾಳೆಯನ್ನು ನಾನು ತೋರಿಸಿದ್ದು ಒಬ್ಬರಿಗೆ ಮಾತ್ರ. ಅವರು ಕನ್ನಡಕವನ್ನು ಹಣೆಯ ಮೇಲಿಂದ ಮೂಗಿಗೆ ಇಳಿಸಿ, ಒಂದೊಂದು ಸಾಲಿನ ಮೇಲೂ ಗ್ರೀಸಿನ ಬೆರಳಿಟ್ಟು ಓದಿ, ಹೇಳಿದ್ದಿಷ್ಟು: "ಸರ್ವೇ ಸಾಹೇಬ್ರ, ಇದ್ರಾಗೆ ಯಾವ್ದಕ್ಕೆ ಪಾನಾ ಬೇಕು, ಯಾವ್ದಕ್ಕೆ ದೇವ್ರು ಬೇಕು, ಮೊದ್ಲು ಬ್ಯಾರೆ ಬ್ಯಾರೆ ಮಾಡ್ರಿ. ಪಾನಾದ್ದು ಇಲ್ಲಿ ತರ್ರಿ. ಉಳಿದದ್ದು ನಿಮ್ ಮನೀಗೆ ಒಯ್ರಿ."

ಪಾನಾ ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರು. ನಾನು ಬೇರೆ ಬೇರೆ ಮಾಡಿದೆ. ದೇವರ ಪಾಲಿಗೆ ಹೆಚ್ಚು ಬಂತು. ಸೀನು ಯಾರ ಪಾಲಿಗೆಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ಹೆಸರನ್ನು ಅಂಗಡಿಯ ಮೇಲೆ ಬರೆಸಲು ಒಪ್ಪದವರು ಅವರು. ಶಿಕಾರಿಪುರದಲ್ಲಿ ಎಲ್ಲರಿಗೂ ಅವರು ಮಿಸ್ತ್ರಿಗಳು. ಬಸ್ ನಿಲ್ಲುವ ಜಾಗದಿಂದ ಕೆರೆಯ ಕಡೆ ಹೋಗುವಾಗ ಎಡಕ್ಕೆ ಒಂದು ತಗಡಿನ ಷೆಡ್ಡು. ಸೈಕಲ್ಲು, ಹೊಲಿಗೆ ಯಂತ್ರ, ಗ್ಯಾಸ್‌ಲೈಟು, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಏನು ಕೆಟ್ಟರೂ ಅಲ್ಲಿಗೆ. ಅವರ ಅಪ್ಪ ಬೀಗ, ಕೀಲಿ ಮಾಡುತ್ತಿದ್ದವರಂತೆ. ಇವರು ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿಗೆ ಸೇರಿ, ಮುಗಿದ ಮೇಲೆ ಒಂದು ಟ್ರಂಕು, ಒಂದು ಕೆಮ್ಮು ತೆಗೆದುಕೊಂಡು ಊರಿಗೆ ಬಂದರು. ತೆಳ್ಳಗೆ, ಎತ್ತರ. ತಲೆಯ ಮೇಲೆ ಬಿಳಿ ಟೋಪಿ. ಅದರ ಮುಂಭಾಗ ಮಾತ್ರ ಕಪ್ಪು. ಯೋಚಿಸುವಾಗಲೆಲ್ಲ ಅಲ್ಲಿ ಬೆರಳಿಡುತ್ತಿದ್ದರು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ನಾನು ತಾಳಗುಂದದಲ್ಲಿ ಒಂದು ಜಮೀನಿನ ಹದ್ದಿನ ತಕರಾರಿಗೆ ಸರಪಳಿ ಹಿಡಿದು ನಿಂತಿದ್ದೆ. ವಿಷಯ ತಿಳಿದಾಗ ಅರ್ಧಕ್ಕೆ ಬಿಡುವ ಹಾಗಿರಲಿಲ್ಲ, ಎರಡೂ ಕಡೆಯವರು ಕಾಯುತ್ತಿದ್ದರು. ಅಳತೆ ಮುಗಿಸಿ, ಕಲ್ಲು ನೆಡಿಸಿ, ಸಹಿ ಹಾಕಿಸಿಕೊಂಡೇ ಬಂದೆ. ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕುವಾಗ ನನ್ನ ತಲೆಯಲ್ಲಿ ಬಂದದ್ದು, ಗುಂಟೆಗೆ ಹದಿನಾರು ಆಣೆಯಾದರೆ ಇದು ಕಾಲು ಆಣೆಯಷ್ಟು ನೆಲ ಆದೀತು ಎಂಬ ಲೆಕ್ಕ. ಕಣ್ಣಲ್ಲಿ ನೀರು ಬರಲಿಲ್ಲ. ಮನೆಗೆ ಬಂದು ಊಟ ಮಾಡಿದೆ. ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿದೆ ಕೂಡ. ನಾಳೆ ಬರುವ ನೆಗಡಿಗೆ ಇವತ್ತೇ ಕೊರಗುವವನು ನಾನು. ಆದರೆ ಅವರು ಸಾಯಬಹುದು ಎಂಬುದನ್ನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಬರೆಯದೆ ಆದದ್ದಕ್ಕೆ ಹೇಗೆ ದುಃಖಪಡಬೇಕೋ ನನಗೆ ಅಭ್ಯಾಸವಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆದರೆ ಏನಾದರೂ ಆದೀತೆಂದಲ್ಲ, ಕೈ ಸುಮ್ಮನಿರುವುದಿಲ್ಲ.

ನನ್ನ ಅಕ್ಕನನ್ನು ಕುಪ್ಪಗಡ್ಡೆಗೆ ಕೊಟ್ಟಿತ್ತು. ಅವಳ ಬೆನ್ನುಮೂಳೆಗೆ ಕ್ಷಯ ತಗುಲಿ, ಶಿಕಾರಿಪುರದ ಆಸ್ಪತ್ರೆಯಲ್ಲಿ ಕಂಕುಳಿನಿಂದ ಸೊಂಟದವರೆಗೆ ಪ್ಲಾಸ್ಟರ್ ಕಟ್ಟಿದ್ದರು. ಕಟ್ಟಿಸಿಕೊಂಡು ಬಸ್ಸಿನಲ್ಲಿ ಮನೆಗೆ ಹೋದಳು. ದಾರಿಯ ಕುಲುಕಾಟಕ್ಕೆ ಎರಡೂ ಕಾಲಿಗೆ ಸ್ಪರ್ಶವೇ ಇಲ್ಲದ ಹಾಗಾಗಿ, ಹನ್ನೆರಡು ದಿನ ಹಾಗೇ ಇದ್ದು, ಮತ್ತೆ ನಿಧಾನಕ್ಕೆ ಬಂತು. ನಾನು ಹೋಗಿ ತಿಳಿಸಿದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇನ್ನೊಂದ್ಸಲ ಹಂಗೆ ಕುಲುಕಿದ್ರೆ ಕಾಲು ವಾಪಸ್ ಬರೋದಿಲ್ಲ." ಮರುಮಾತಿನಲ್ಲೇ ಇನ್ನೊಂದು ಹೇಳಿದರು: ನಾಲ್ಕು ತಿಂಗಳಿಗೆ ಕಟ್ಟು ಬಿಚ್ಚಿ ಹೊಸದು ಹಾಕಲೇಬೇಕು, ಶಿಕಾರಿಪುರಕ್ಕೆ ಕರೆತನ್ನಿ. ಕರೆತರಬೇಕು, ಕುಲುಕಬಾರದು. ಎತ್ತಿನ ಗಾಡಿ ಬಸ್ಸಿಗಿಂತ ಕಡೆ. ಬಾಡಿಗೆ ಕಾರೊಂದು ಇತ್ತು. ಅದರಲ್ಲಿ ನಾನೇ ಕೂತು ಶಿರಾಳಕೊಪ್ಪದವರೆಗೆ ಹೋಗಿ ನೋಡಿದೆ. ಕುಪ್ಪಗಡ್ಡೆಯವರೆಗೆ ನೋಡುವ ಧೈರ್ಯ ಬರಲಿಲ್ಲ.

ನನ್ನಲ್ಲಿದ್ದದ್ದು ಮಿಲಿಟರಿ ಹರಾಜಿನಲ್ಲಿ ಬಂದ ಒಂದು ಮೋಟಾರುಸೈಕಲ್ಲು. ಪಕ್ಕದಲ್ಲಿ ಒಂದೇ ಚಕ್ರದ ಉದ್ದನೆಯ ತೊಟ್ಟಿಲು. ನನ್ನ ಸರಪಳಿ, ಬಾವುಟ, ಗೂಟಗಳು ಅದರಲ್ಲಿ ಬರುತ್ತಿದ್ದವು. ಮನುಷ್ಯರು ಕಾಲು ಚಾಚಿ ಒರಗಬಹುದಾದ ವಾಹನ ತಾಲ್ಲೂಕಿನಲ್ಲಿ ಅದೊಂದೇ. ಕುಲುಕುವುದರಲ್ಲೂ ಅದಕ್ಕೆ ಸಾಟಿಯಿರಲಿಲ್ಲ. ಗೂಟಗಳು ದೂರು ಹೇಳುವುದಿಲ್ಲವಲ್ಲ.

"ಇದಕ್ಕೆ ಮೆತ್ತನೆ ಸ್ಪ್ರಿಂಗು ಹಾಕಿಕೊಡಬೇಕು," ಎಂದು ಮಿಸ್ತ್ರಿಗಳ ಹತ್ತಿರ ಹೋದೆ.

"ಹಾಕ್ಕೊಡೋದಿಲ್ರಿ."

"ಯಾಕೆ?"

"ಕೂರೋರು ಯಾರು? ನಿಮ್ಮಕ್ಕಾವ್ರು. ಓಡ್ಸೋರು ಯಾರು? ನೀವು. ಕುಪ್ಪಗಡ್ಡಿ ಹತ್ರ ನಟ್ಟು ಸಡ್ಲಾದ್ರೆ ನಾನಲ್ಲಿ ಇರ್ತೀನೇನ್ರಿ? ಬಿಚ್ಚೋದೂ ನೀವೆ, ಕಟ್ಟೋದೂ ನೀವೆ. ನಾ ಸ್ಟೂಲ್ ಮ್ಯಾಲೆ ಕುಂತಿರ್ತೀನಿ."

ಸರ್ಕಾರದ ನೆಲವನ್ನು ಸರಪಳಿಯಿಂದ ಅಳೆಯುವುದು ಬಿಟ್ಟರೆ ಕೈಯಲ್ಲಿ ಮಾಡುವ ಇನ್ನೊಂದು ಕೆಲಸ ನನಗೆ ಗೊತ್ತಿರಲಿಲ್ಲ. ಆದರೆ ಅಳೆಯಲು ಬರುತ್ತಿತ್ತು. ಆ ಜಂಬದ ಮೇಲೆ ನಾನು ಒಂದು ಭಾನುವಾರ ಕೂತು, ಗಾಡಿಯ ನಟ್ಟುಗಳನ್ನೆಲ್ಲ ಅಳೆದು, ನಕಾಶೆ ಬರೆದೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದೆ, ಅಭ್ಯಾಸಬಲ. ಆ ನಕಾಶೆ ಹಿಡಿದು ಶಿವಮೊಗ್ಗದ ಒಂದು ಗುಜರಿ ಅಂಗಡಿಗೆ ಹೋಗಿ ಪಾನಾಗಳ ಒಂದು ಪೂರ್ತಿ ಸೆಟ್ಟು ಕೊಂಡೆ. ಕ್ಯಾನ್ವಾಸಿನ ಸುರುಳಿ, ಒಂದೊಂದಕ್ಕೂ ಒಂದು ಜೇಬು, ಬೆಳ್ಳಿಯ ಹಾಗೆ ಹೊಳಪು. ಅಮೆರಿಕದ ಜೀಪಿನವು. ನಟ್ಟಿಗೆ ಹಾಕಿ ನೋಡಿದೆ, ಕೂತಿತು. ಒಂದಿಷ್ಟು ಸಡಿಲ ಅಷ್ಟೆ. ನಮ್ಮ ಮೋಜಣಿಯಲ್ಲಿ, ಅಂದರೆ ನೆಲದ ಅಳತೆಯಲ್ಲಿ, ಇಷ್ಟು ಉದ್ದಕ್ಕೆ ಇಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ನಿಯಮವೇ ಉಂಟು. ಆ ನಿಯಮವನ್ನು ನಾನು ನಟ್ಟಿಗೂ ಅನ್ವಯಿಸಿದೆ. ಜೋರಾಗಿ ಎಳೆದೆ. ಪಾನಾ ಜಾರಿತು. ನಟ್ಟಿನ ಆರು ಮೂಲೆಯೂ ಸವೆದು, ಅದು ಅಡಿಕೆಯಷ್ಟು ದುಂಡಗಾಯಿತು. ನನ್ನ ಬೆರಳಿನ ಗೆಣ್ಣಿನ ಚರ್ಮ ಅಲ್ಲೇ ಉಳಿಯಿತು.

ಮಿಸ್ತ್ರಿಗಳು ಬೆರಳನ್ನು ನೋಡಲಿಲ್ಲ. ನಟ್ಟನ್ನು ನೋಡಿದರು, ಬಹಳ ಹೊತ್ತು.

"ಸಡ್ಲ ಇತ್ತಾ?"

"ಸ್ವಲ್ಪ. ಅಷ್ಟು ನಡೆಯುತ್ತೆ ಅಂದ್ಕೊಂಡೆ."

"ನಿಮ್ ಹೊಲದಾಗೆ ಗೇಣುದ್ದ ಮಾಫಿ ಐತಿ, ಸಾಹೇಬ್ರ. ನಟ್ಟಿನ ಮ್ಯಾಲೆ ಕೂದ್ಲೆಳೆನೂ ಮಾಫಿ ಇಲ್ರಿ."

ಆಮೇಲೆ ಕೂರಿಸಿ ತಿಳಿಸಿದರು. ನನ್ನ ಗಾಡಿ ಇಂಗ್ಲೆಂಡಿನದು, ಪಾನಾ ಅಮೆರಿಕದ್ದು; ಅವೆರಡೂ ದೇಶ ಯುದ್ಧದಲ್ಲಿ ಒಂದೇ ಕಡೆ ಇದ್ದರೂ ನಟ್ಟಿನ ವಿಷಯದಲ್ಲಿ ಒಂದಾಗಲಿಲ್ಲ. ಅದಲ್ಲದೆ ಇಂಗ್ಲಿಷ್ ಪಾನಾದ ಮೇಲೆ ಕೆತ್ತಿರುವ ಅಂಕಿ ಅದರ ಬಾಯಿಯ ಅಗಲ ಅಲ್ಲವೇ ಅಲ್ಲ, ಒಳಗೆ ಹೋಗಿರುವ ಬೋಲ್ಟಿನ ದಪ್ಪ. ನಾನು ಬರೆದ ನಕಾಶೆಯನ್ನು ಹಿಡಿದುಕೊಂಡು ಹೋಗಿ ಇಂಗ್ಲಿಷ್ ಪಾನಾ ಕೊಂಡಿದ್ದರೂ ತಪ್ಪೇ ಆಗುತ್ತಿತ್ತು. ಹೊರಗೆ ಕಾಣುವುದನ್ನು ಸರಿಯಾಗಿ ಅಳೆದಿದ್ದೆ. ಕೇಳಿದ್ದು ಒಳಗಿನ ಅಳತೆ. ಇಪ್ಪತ್ತು ವರ್ಷ ಅಳೆದ ಮನುಷ್ಯನಿಗೆ ಇದನ್ನು ಹೇಳುವಾಗ ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಉತ್ತರ ದಿಕ್ಕು ಹಾಕಿದ್ದು ಚಲೋ ಆತು ಬಿಡ್ರಿ," ಎಂದರು. "ಗಾಡಿ ತಪ್ಪಿಸ್ಕಂಡ್ರೆ ಹುಡುಕ್ಲಿಕ್ಕೆ ಬರ್ತದೆ."

ಅವರು ಪಾನಾ ಆರಿಸುವ ಕ್ರಮ ನೋಡಬೇಕಿತ್ತು. ನಟ್ಟಿಗೆ ಪಾನಾ ಸಿಕ್ಕಿಸಿ ಕೈ ಬಿಡುತ್ತಿದ್ದರು. ಅದು ತಾನಾಗಿ ಅಡ್ಡಕ್ಕೆ ನಿಂತರೆ ಸರಿ. ತಲೆ ಬಾಗಿಸಿದರೆ ಅದು ಬೇರೆ ಗಾಡಿಯ ಪಾನಾ. ನಿಂತದ್ದನ್ನು ಮತ್ತೆ ತೆಗೆದು ಕಲ್ಲಿಗೆ ಮೆಲ್ಲಗೆ ತಟ್ಟಿ ಕಿವಿಗೆ ಹಿಡಿಯುತ್ತಿದ್ದರು. ಗಂಟೆಯ ಹಾಗೆ ನಾದ ಬಂದರೆ ಬಟ್ಟೆಯ ಮೇಲೆ. ಕೆಮ್ಮಿದ ಹಾಗೆ ಬಂದರೆ ಒಳಗೆಲ್ಲೋ ಬಿರುಕು, ಮೂಲೆಗೆ. "ನನ್ ಎದಿ ಹಂಗೇ ಇದು," ಎಂದು ಅಂಥದ್ದನ್ನು ಎಸೆಯುತ್ತಿದ್ದರು. ಕಬ್ಬಿಣದ ಸುತ್ತಿಗೆಯನ್ನು ನನ್ನ ಕೈಗೆ ಕೊಡಲೇ ಇಲ್ಲ. ಜಾಲಿ ಮರದ ಕೊಡತಿ ಕೊಟ್ಟರು. ಇಕ್ಕಳವನ್ನು ಗೋಡೆಗೆ ದಾರದಿಂದ ಏಳೆಂಟು ಗಂಟು ಹಾಕಿ ಕಟ್ಟಿದ್ದರು. ನಟ್ಟಿಗೆ ಇಕ್ಕಳ ಹಾಕುವ ಬುದ್ಧಿ ಯಾರಿಗಾದರೂ ಬಂದರೆ, ಗಂಟು ಬಿಚ್ಚುವುದರೊಳಗೆ ಹೋಗಲಿ ಎಂದು.

ಎಲ್ಲಕ್ಕಿಂತ ಮುಖ್ಯ, ಬಾಯಲ್ಲಿ ಬಿಚ್ಚುವುದು. ಗಾಡಿಗೆ ಕೈ ಹಚ್ಚುವ ಮೊದಲು ಒಂದು ಹಳೆಯ ಚಾದರ ಹಾಸಿ, ಇದ್ದ ಹತ್ಯಾರಗಳನ್ನೆಲ್ಲ ಅದರ ಮೇಲಿಟ್ಟು, ತಾವು ಸ್ಟೂಲಿನಲ್ಲಿ ಕೂರುತ್ತಿದ್ದರು. ನಾನು ಗಾಡಿಯ ಮುಂದೆ ಕೈಕಟ್ಟಿ ನಿಂತು, ಮೊದಲಿನಿಂದ ಕೊನೆಯವರೆಗೆ ಬಿಚ್ಚುವುದನ್ನು ಬಾಯಲ್ಲಿ ಹೇಳಬೇಕು. ಒಂದೊಂದು ನಟ್ಟಿನ ಹೆಸರು ಹೇಳಿದಾಗಲೂ ಅದಕ್ಕೆ ಬೇಕಾದ ಹತ್ಯಾರ ಎತ್ತಿ ಬಲಕ್ಕಿಡಬೇಕು. ಕೊನೆಗೆ ಎಡಗಡೆ ಉಳಿದದ್ದೆಲ್ಲ ಟ್ರಂಕಿಗೆ ವಾಪಸ್ಸು. ಅವು ಬೇಡ, ಅಂದರೆ ಬೇಡ.

"ಮೊದಲು ಹ್ಯಾಂಡಲ್ ಕೆಳಗಿನ ನಟ್ಟು," ಎಂದೆ ಮೊದಲ ದಿನ.

"ಬಿಚ್ಚಿದ್ರಿ. ಆಮೇಲೆ?"

"ಆಮೇಲೆ ಸ್ಪ್ರಿಂಗಿನ ಮೇಲಿನ ಬೋಲ್ಟು."

"ಬಿಚ್ಚಿದ್ರಿ. ಸತ್ರಿ."

"ಏನು?"

"ಸ್ಪ್ರಿಂಗು ಒತ್ತಿಕೊಂಡು ಕುಂತೈತಲ್ರಿ ಅಲ್ಲಿ. ಬೋಲ್ಟು ತೆಗದ್ ಕೂಡ್ಲೆ ಅದು ನಿಮ್ ಗದ್ದಕ್ಕೆ ಬಂತು. ನಾಳೆ ಬರ್ರಿ."

ನಾಳೆ ಬರ್ರಿ ಎಂದರೆ ಆ ದಿನದ ಪಾಠ ಮುಗಿಯಿತೆಂದು ಅರ್ಥ. ಹಾಗೆ ನಾನು ಆ ಷೆಡ್ಡಿನಲ್ಲಿ ನಾಲ್ಕು ಸಲ ಸತ್ತೆ. ಕಾಯಂ ಹೆದರುವವನಿಗೆ ಅದೊಂದು ವಿಚಿತ್ರ ಸಮಾಧಾನ. ಐದನೆಯ ಸಲ, ಸ್ಪ್ರಿಂಗನ್ನು ಮೊದಲು ಎರಡು ಉದ್ದ ಬೋಲ್ಟು, ಎರಡು ಕಬ್ಬಿಣದ ಪಟ್ಟಿಗಳ ನಡುವೆ ಹಿಡಿದು ಬಿಗಿಮಾಡಿಕೊಂಡು ಬಿಚ್ಚುತ್ತೇನೆ ಎಂದಾಗ ಟೋಪಿಯ ಕಪ್ಪು ಜಾಗಕ್ಕೆ ಬೆರಳಿಟ್ಟರು. "ಬದುಕಿದ್ರಿ," ಎಂದರು. ಆ ಬೋಲ್ಟು, ಪಟ್ಟಿಗಳನ್ನು ಅವರು ಆಗಲೇ ಮಾಡಿ ಸ್ಟೂಲಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ಕೇಳುವವರೆಗೆ ಕೊಡಲಿಲ್ಲ.

ಮುಂದಿನ ಸ್ಪ್ರಿಂಗು ಬದಲಾಯಿತು. ತೊಟ್ಟಿಲಿಗೆ ಯಾವುದು? ಊರಿನಲ್ಲಿ ಓಡುವುದು ಬಿಟ್ಟ ಒಂದು ಜಟಕಾ ಇತ್ತು. ಅದರ ಕಮಾನು, ಎಂದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು, ಅದನ್ನು ತರಿಸಿದರು. ಪಟ್ಟಿ ಹೆಚ್ಚಾದರೆ ಗಡುಸು, ಕಡಿಮೆಯಾದರೆ ಮೆದು. ಎಷ್ಟಿರಬೇಕು ಎಂಬುದು ಕೂರುವವರ ತೂಕದ ಮೇಲೆ.

"ಅಕ್ಕಾವ್ರ ತೂಕ ಎಷ್ಟ್ರಿ?"

ಅದನ್ನು ಕೇಳಲು ನಾನು ಕುಪ್ಪಗಡ್ಡೆಗೆ ಹೋಗಬೇಕಾಯಿತು. ಭಾವ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು.

"ಎಂತ ಮಾರಾಯ, ಹೆಂಡ್ತೀನ ತಕ್ಕಡಿಗೆ ಹಾಕ್ತಾರನಾ ಯಾರಾದ್ರೂ?"

ಒಳಗಿನಿಂದ ಅಕ್ಕ ಕೂಗಿದಳು: "ತಮ್ಮಾ, ಹೆಚ್ಚು ಹೇಳ್ತ್ರು ಅವ್ರು. ನಂಬಡ!"

ಭಾವ ಕಾಲು ಒರೆಸಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು, ಈ ಬಾರಿ ಸಣ್ಣ ದನಿಯಲ್ಲಿ: "ದಿನಾ ಬೆಳಿಗ್ಗೆ ಬಚ್ಚಲಿಗೆ ನಾನೇ ಎತ್ಕಂಡು ಹೋಗದು. ಮೊದ್ಲು ಒಂದು ಮೂಟೆ ಭತ್ತ ಇದ್ಲು. ಈಗ ಮುಕ್ಕಾಲು."

ಮಿಸ್ತ್ರಿಗಳಿಗೆ ಹೋಗಿ ಹೇಳಿದೆ, ಮುಕ್ಕಾಲು ಮೂಟೆ ಭತ್ತ. ಅವರು ಒಂದು ಪಟ್ಟಿ ತೆಗೆಸಿದರು. ಆಮೇಲೆ ಕೇಳಿದರು, "ಪ್ಲಾಸ್ಟರ್ ಸೇರಿಸಿ ಅಂದ್ರಾ, ಬಿಟ್ಟು ಅಂದ್ರಾ?" ಎತ್ತುವವರು ಪ್ಲಾಸ್ಟರ್ ಬಿಟ್ಟು ಎತ್ತುವುದು ಹೇಗೆ, ಸೇರಿಸಿಯೇ, ಎಂದೆ. "ಹಂಗಾರೆ ಮನ್ಷಾರು ಅರ್ಧ ಮೂಟೆ," ಎಂದು ಇನ್ನೊಂದು ಪಟ್ಟಿಯ ಕಡೆ ನೋಡಿ, ಮುಟ್ಟದೆ ಬಿಟ್ಟರು.

ಮೆದುವಾಯಿತು. ಆದರೆ ಎಷ್ಟು ಮೆದು ಎಂದು ತಿಳಿಯುವುದು ಹೇಗೆ? ನಾನು ಕೂತು ಹೇಳುತ್ತೇನೆ ಎಂದೆ. "ನೀವು ಬ್ಯಾಡ್ರಿ. ಗಾಡಿ ನಿಂತಾಗ್ಲೂ ಕುಲುಕ್ತದೆ ಅಂತೀರಿ," ಎಂದರು. ಮುಕ್ಕಾಲು ಮೂಟೆ ಭತ್ತದ ತೂಕದಷ್ಟು ಮರಳನ್ನು ಎರಡು ಚೀಲಕ್ಕೆ ತುಂಬಿ ತೊಟ್ಟಿಲಲ್ಲಿಟ್ಟು, ಅದರ ಮೇಲೆ ಒಂದು ಗ್ಯಾಸ್‌ಲೈಟನ್ನು ಕಟ್ಟಿದರು. ಒಳಗೆ ಒಮ್ಮೆ ಉರಿದು ತಣ್ಣಗಾದ ಮ್ಯಾಂಟಲು. ಮದುವೆ ಮನೆಯಲ್ಲಿ ಗ್ಯಾಸ್‌ಲೈಟು ಎತ್ತಿದವರಿಗೆಲ್ಲ ಗೊತ್ತು, ಉರಿದ ಮ್ಯಾಂಟಲು ಅಂದರೆ ಬರೀ ಬೂದಿಯ ಚೀಲ. ಆಕಾರ ಇದೆ, ಜೀವ ಇಲ್ಲ. ಬೆರಳು ತಗುಲಿದರೆ, ಒಂದು ಗಡುಸು ಕುಲುಕು ಬಿದ್ದರೆ ಉದುರಿತು.

"ಶಿರಾಳಕೊಪ್ಪದ ದಾರೀಲಿ ಒಂದು ಮೈಲಿ ಹೋಗಿ ಬರ್ರಿ. ಇದು ಉಳದ್ರೆ ಅಕ್ಕಾವ್ರು ಉಳದ್ರು."

ಹಾಗೆ ಹೇಳಬಾರದಿತ್ತು. ನಾನು ಆ ಮೈಲಿಯನ್ನು ನಡೆಯುವವರಿಗಿಂತ ನಿಧಾನವಾಗಿ ಹೋದೆ. ಒಬ್ಬ ಅಜ್ಜಿ ಕೋಲೂರಿಕೊಂಡು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಪೆಟ್ರೋಲ್ ಮುಗೀತೇನಪ್ಪಾ?" ಎಂದಳು. ಮೊದಲ ಗುಂಡಿಗೇ ಮ್ಯಾಂಟಲು ಪುಡಿ. ಎರಡನೆಯ ಮ್ಯಾಂಟಲು ಹೋಗುವಾಗ ಉಳಿದು ಬರುವಾಗ ಹೋಯಿತು. ಸ್ಪ್ರಿಂಗು ಒಮ್ಮೆ ಕುಣಿದರೆ ನಿಲ್ಲುತ್ತಲೇ ಇರಲಿಲ್ಲ. ಕಮಾನಿನ ಎರಡೂ ತುದಿಗೆ ಚರ್ಮದ ಬಿಲ್ಲೆ ಕತ್ತರಿಸಿ, ಎರಡು ಕಬ್ಬಿಣದ ತಟ್ಟೆಗಳ ನಡುವೆ ಬಿಗಿದು, ಉಜ್ಜಿಕೊಂಡು ಕುಣಿತ ಅಡಗುವ ಹಾಗೆ ಮಾಡಿಸಿದರು. "ಮೆತ್ತಗಿರೋದು ದೊಡ್ದಲ್ರಿ. ಸುಮ್ನಾಗೋದು ದೊಡ್ದು," ಎಂದರು. ನನ್ನನ್ನು ನೋಡಿಯೇ ಅಂದರೋ, ಗಾಡಿಯನ್ನು ನೋಡಿ ಅಂದರೋ. ಆ ಬಿಲ್ಲೆ ಬಿಗಿಯುವ ಪಾನಾ ಒಂದನ್ನೇ ಆರಿಸಲು ಒಂದು ಸಂಜೆ ಹಿಡಿಯಿತು. ಅಂತೂ ಆರು ಮ್ಯಾಂಟಲು ಬೂದಿಯಾಗಿ ಏಳನೆಯದು ಮೈಲಿ ಹೋಗಿ ಮೈಲಿ ಬಂದು, ಇದ್ದ ಹಾಗೇ ಇತ್ತು. ಮಿಸ್ತ್ರಿಗಳು ಗಾಜಿನೊಳಗೆ ಇಣುಕಿ ನೋಡಿ, ಅದನ್ನು ತಮ್ಮ ಬೆರಳಿನಿಂದಲೇ ಉದುರಿಸಿಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ. ಅವರಿಗೆ ಕೆಲಸ ಮುಗಿದ ವಸ್ತುಗಳ ಮೇಲೆ ಮೋಹ ಇರಲಿಲ್ಲ.

ಅಕ್ಕನನ್ನು ಕರೆತರುವ ದಿನ ಬೆಳಕು ಹರಿಯುತ್ತಲೇ ಕುಪ್ಪಗಡ್ಡೆಯಲ್ಲಿದ್ದೆ. ಭಾವ ಅವಳನ್ನು ಎತ್ತಿ ತೊಟ್ಟಿಲಲ್ಲಿ ಇಳಿಸಿದರು. ಕೆಳಗೆ ಎರಡು ಹಾಸಿಗೆ, ಪಕ್ಕಕ್ಕೆ ದಿಂಬು. ಅಕ್ಕ ತನ್ನ ಕಾಲ್ಬೆರಳುಗಳನ್ನು ಒಂದು ಸಲ ಆಡಿಸಿ ನನಗೆ ತೋರಿಸಿದಳು. "ಇಲ್ಲಿ ಅದಾವೆ ನೋಡು. ಎಣಿಸ್ಕ. ಅಲ್ಲಿ ಹೋದ್ಮೇಲೆ ಲೆಕ್ಕ ತಪ್ಪಬಾರ್ದು."

ಎಣಿಸಿದೆ. ಅವಳು ತಮಾಷೆಗೆ ಹೇಳಿದ್ದೆಂದು ಹತ್ತಕ್ಕೆ ಬಂದಾಗ ತಿಳಿಯಿತು. ಭಾವ ಬಸ್ಸಿನಲ್ಲಿ ಬರುತ್ತೇನೆಂದರು.

ಆ ದಾರಿಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಹೇಳುವುದಕ್ಕೆ ಏನೂ ಇಲ್ಲದಂತೆ ಮಾಡುವುದಕ್ಕೇ ಮೂರು ತಿಂಗಳು ಹೋಗಿತ್ತು. ನಾನು ಮುಂದಿನ ಚಕ್ರದ ಎದುರಿನ ನಾಲ್ಕು ಮಾರು ನೆಲವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅಕ್ಕನ ಕಡೆಯಂತೂ ನೋಡಲೇ ಇಲ್ಲ. ನೋಡಿದರೆ ಮುಖ ಹಿಂಡಿದ್ದು ಕಂಡೀತು, ಕಂಡರೆ ಹ್ಯಾಂಡಲು ತಿರುಗೀತು. ಸೊರಬ ಬಂತು, ಹೋಯಿತು. ಶಿರಾಳಕೊಪ್ಪದಲ್ಲಿ ಸಂತೆ ಇರಲಿಲ್ಲ. ಎಮ್ಮೆಗಳು ಗದ್ದೆಯಲ್ಲೇ ಇದ್ದವು. ಸೀನು ಬರಲಿಲ್ಲ. ಶಿರಾಳಕೊಪ್ಪ ದಾಟಿದ ಮೇಲೆ ಒಂದು ಮುರುಕು ಮೋರಿ ಇದೆ, ಮಿಸ್ತ್ರಿಗಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅದಕ್ಕೆ. ಅದರ ಮೇಲೆ ಗಾಡಿ ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು.

ಆಸ್ಪತ್ರೆಯ ಜಗಲಿಯಲ್ಲಿ ಮಿಸ್ತ್ರಿಗಳು ನಿಂತಿದ್ದರು. ಒಗೆದ ಅಂಗಿ, ಹೊಸ ಟೋಪಿ. ಬನ್ನಿ ಎಂದು ನಾನು ಕರೆದಿರಲಿಲ್ಲ. ಅಂಗಡಿ ಮುಚ್ಚಿದ್ದೀರಾ ಎಂದು ಕೇಳಿದರೆ, "ಇವತ್ತು ಯಾರ್ದೂ ಕೆಟ್ಟಿಲ್ರಿ," ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಕರೆದು ನೋಡಲು ಹೆದರಿದೆ. ನಾಲ್ಕು ಜನ ಹಾಸಿಗೆ ಸಮೇತ ಎತ್ತಿ ಒಳಗೆ ಒಯ್ದರು. ಡಾಕ್ಟರು ಬರುವವರೆಗೆ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು.

ಆಗ ಅವರು ನಾನು ಕೇಳದೆಯೇ ಹೇಳಿದರು. ಯುದ್ಧದಲ್ಲಿ ಅವರದ್ದು ಆಂಬುಲೆನ್ಸ್ ಗಾಡಿಗಳ ಕೆಲಸವಂತೆ. ಕಮಾನು ಬಿಚ್ಚುವುದು, ಕಟ್ಟುವುದು. ಬರ್ಮಾ ಕಡೆಯ ದಾರಿ, ದಾರಿ ಅಂದರೆ ಕಲ್ಲು. "ಎಷ್ಟ್ ಕಟ್ಟಿದ್ನೋ ಲೆಕ್ಕ ಇಲ್ರಿ. ಒಳಗೆ ಮಲಗಿ ಬಂದೋರನ್ನ ಒಬ್ಬರ್ನಾದ್ರೂ ಕೇಳ್ಬೇಕು ಅಂತಿತ್ತು. ಭಾಯಿ, ಹ್ಯಾಂಗಿತ್ತು? ಎಲ್ಲಿ ನೋವಾತು? ಕೇಳಿದ್ರೆ ಒಂದ್ ಪಟ್ಟಿ ತೆಗೀಬೋದಿತ್ತು, ಇಲ್ಲಾ ಸೇರಿಸ್ಬೋದಿತ್ತು. ಕೇಳೋ ಹಂಗೆ ಯಾರೂ ಬರ್ಲಿಲ್ಲ." ಅದನ್ನು ಹೇಳುವಾಗ ಅವರ ದನಿ ನಟ್ಟಿನ ಬಗ್ಗೆ ಹೇಳುವಾಗಿನ ದನಿಯೇ. ನಾನು ಹೂಂ ಅಂದೆ. ನನ್ನ ಕಿವಿ ಒಳಗಿನ ಕೋಣೆಯಲ್ಲಿತ್ತು.

ಡಾಕ್ಟರು ಬಂದವರು ಅಕ್ಕನ ಹೊದಿಕೆ ಸರಿಸಿ, ಜೇಬಿನಿಂದ ಬೀಗದ ಕೈ ತೆಗೆದು ಅಂಗಾಲಿನ ಮೇಲೆ ಗೀರಿದರು. ಕಾಲು ಸರಕ್ಕನೆ ಹಿಂದೆ ಹೋಯಿತು.

"ಯಾರದು, ಕಚಗುಳಿ ಇಡದು!" ಎಂದು ಅಕ್ಕ ಬೈದಳು.

ಡಾಕ್ಟರು ಇನ್ನೊಂದು ಕಾಲಿಗೂ ಗೀರಿದರು. ಅದೂ ಹಿಂದೆ ಹೋಯಿತು. ನನಗೆ ಸಂತೋಷ ಎನ್ನುವುದು ಬರಲಿಲ್ಲ, ಒಂದು ದೊಡ್ಡ ಖಾಲಿ ಬಂತು; ಹಿಡಿದುಕೊಂಡಿದ್ದನ್ನೆಲ್ಲ ಯಾರೋ ಕೈಯಿಂದ ತೆಗೆದುಕೊಂಡ ಹಾಗೆ.

ಮಿಸ್ತ್ರಿಗಳು ಬಾಗಿಲಲ್ಲೇ ನಿಂತು, ಟೋಪಿ ಸರಿಮಾಡಿಕೊಂಡು, ಅಕ್ಕನ ಮುಖ ನೋಡದೆ ಹಾಸಿಗೆಯ ತುದಿಯನ್ನು ನೋಡುತ್ತ ಕೇಳಿದರು:

"ಅಕ್ಕಾವ್ರ, ತಪ್ಪು ತಿಳೀಬ್ಯಾಡ್ರಿ. ಶಿರಾಳಕೊಪ್ಪ ದಾಟಿದ್ಮ್ಯಾಲೆ ಆ 
ಮೋರಿ ಹತ್ರ... ಹ್ಯಾಂಗಿತ್ರಿ? ಮ್ಯಾಲೆ ಎತ್ತಿ ಹಾಕಿದಂಗಾತಾ, ಇಲ್ಲಾ ಪಕ್ಕಕ್ಕೆ ಎಳದಂಗಾತಾ?"

ಅಕ್ಕ ಕಣ್ಣುಜ್ಜಿಕೊಂಡಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವ ಮೋರಿ? ಸೊರಬ ದಾಟಿದ್ವನಾ ನಾವು?"

ಮಿಸ್ತ್ರಿಗಳು ಟೋಪಿಗೆ ಬೆರಳಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟು ದಿನದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗ ಮಾತ್ರ.

"ಏನ್ರೀ ನೀವು! ದಾರ್ಯಾಗೆ ಒಂದೆರಡು ಮಾತಾದ್ರೂ ಆಡಿಸ್ಬಾರ್ದಾ? ಪೂರಾ ದಾರಿ ನಿದ್ದಿ ಮಾಡಿಸ್ಕಂಡು ಬಂದೀರಲ್ರೀ!"